ಪಾರ್ಟ್ ಬದಲಿಸುವ ಮೊದಲು ಮೀಟರ್ ಇಟ್ಟು ನೋಡಿ: ಕಾರಿನ ಸಾಮಾನ್ಯ ತೊಂದರೆಗಳನ್ನು ನಾವೇ ಪತ್ತೆ ಹಚ್ಚುವುದು ಹೇಗೆ

ಹಾಸನದಲ್ಲಿ ಒಂದು ಡಿಸೆಂಬರ್ ಬೆಳಿಗ್ಗೆ ಕಾರಿನ ಕೀ ತಿರುಗಿಸಿದೆ. ಕಟ್ ಅಂತ ಒಂದೇ ಸದ್ದು. ಮತ್ತೆ ತಿರುಗಿಸಿದೆ. ಮತ್ತೆ ಕಟ್. ಸೆಲ್ಫ್ ಹೊಡೆಯಲೇ ಇಲ್ಲ. ಗ್ಯಾರೇಜಿನವರು ಬಂದು ಬ್ಯಾಟರಿ ಹೋಗಿದೆ ಎಂದರು. ಹೊಸದು ಹಾಕಿಸಿದೆ. ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಮತ್ತೆ ಅದೇ ಕಟ್. ಈ ಸಲ ಇಂಜಿನ್ ತಿರುಗಿಸಿ ಶುರು ಮಾಡುವ ಸೆಲ್ಫ್ ಮೋಟಾರ್ ಹೋಗಿದೆ ಎಂದರು. ಅದೂ ಹೊಸದು ಬಂತು. ಎರಡು ವಾರ ಕಳೆಯಿತು, ಕಟ್.

ಕೊನೆಗೆ ಬಂದವರು ಒಬ್ಬ ಹಳೇ ಕಾಲದ ಎಲೆಕ್ಟ್ರಿಷಿಯನ್. ಅವರು ಬಾನೆಟ್ ತೆಗೆದು, ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ಹಿಡಿದು, "ಒಂದ್ ಸಲ ಸೆಲ್ಫ್ ಹೊಡೀರಿ" ಎಂದರು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಬ್ಯಾಟರಿಯಿಂದ ಇಂಜಿನ್‌ಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ಕೆಳಗೆ ತುಕ್ಕು ಹಿಡಿದಿತ್ತು. ಎಮರಿ ಪೇಪರ್‌ನಲ್ಲಿ ಉಜ್ಜಿ, ಬಿಗಿ ಮಾಡಿದರು. ಬ್ಯಾಟರಿಗೂ ಸೆಲ್ಫ್ ಮೋಟಾರಿಗೂ ಸುರಿದ ದುಡ್ಡು ಸುಮ್ನೆ ಹೋಯಿತು.

ಅವತ್ತಿನಿಂದ ನಾನು ಊಹೆಯ ಮೇಲೆ ಪಾರ್ಟ್ ಬದಲಿಸುವುದನ್ನು ಬಿಟ್ಟೆ. ಮೊದಲು ಅಳತೆ, ಆಮೇಲೆ ಪಾರ್ಟ್. ಇದಕ್ಕೆ ದೊಡ್ಡ ಸಾಮಾನೇನೂ ಬೇಡ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್, ಟಾರ್ಚ್, ಟೈರ್ ಗಾಳಿ ಅಳೆಯುವ ಗೇಜ್, ಒಂದು ಜೊತೆ ಜಂಪರ್ ಕೇಬಲ್, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಮತ್ತು ಕಾರಿನ ಕಂಪ್ಯೂಟರ್ ಗುರುತಿಸಿದ ತೊಂದರೆಯ ಕೋಡ್ ಓದುವ ಸಣ್ಣ ಓಬಿಡಿ ಸ್ಕ್ಯಾನರ್. ಇಷ್ಟಿದ್ದರೆ ಮನೆ ಮುಂದೆಯೇ ಅರ್ಧಕ್ಕಿಂತ ಜಾಸ್ತಿ ತೊಂದರೆಗಳ ಮೂಲ ಹಿಡಿಯಬಹುದು.

ಸೆಲ್ಫ್ ಹೊಡೆಯದಿದ್ದಾಗ

ಮೊದಲು ಕಿವಿಗೆ ಕೆಲಸ ಕೊಡಿ. ಕೀ ತಿರುಗಿಸಿದಾಗ ಏನು ಕೇಳುತ್ತದೆ? ಕಟಕಟಕಟ ಅಂತ ಒಂದೇ ಸಮ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಡೌನ್. ಒಂದೇ ಗಟ್ಟಿ ಕಟ್ ಬಂದರೆ ಕನೆಕ್ಷನ್ ಅಥವಾ ಸೆಲ್ಫ್ ಮೋಟಾರ್ ಮೇಲೆ ಅನುಮಾನ. ಏನೂ ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಕ್ಲಚ್ ಅಥವಾ ಬ್ರೇಕ್ ಪೆಡಲ್ ಸ್ವಿಚ್. ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಅದು ಬೇರೆಯೇ ಕಥೆ, ಆಮೇಲೆ ಹೇಳುತ್ತೇನೆ.

ಈಗ ಮೀಟರ್ ತೆಗೆಯಿರಿ. 20 ವೋಲ್ಟ್ ಡಿಸಿಗೆ ತಿರುಗಿಸಿ. ಈ ಕ್ರಮದಲ್ಲೇ ನೋಡಿ:

1. ಕಾರು ರಾತ್ರಿಯಿಡೀ ನಿಂತಿರಬೇಕು. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12.6 ವೋಲ್ಟ್ ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಅದನ್ನು ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಅರ್ಥವಿಲ್ಲ.

2. ಕಡ್ಡಿಗಳನ್ನು ಅಲ್ಲೇ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ವೋಲ್ಟೇಜ್ ಇಳಿಯುತ್ತದೆ, ಇಳಿಯಲೇಬೇಕು. ಆದರೆ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸುಸ್ತಾಗಿದೆ. 12ರ ಹತ್ತಿರವೇ ನಿಂತು ಬರೀ ಕಟ್ ಎಂದರೆ ಬ್ಯಾಟರಿಯ ತಪ್ಪಿಲ್ಲ, ಕರೆಂಟ್ ದಾರಿಯಲ್ಲಿ ಎಲ್ಲೋ ತಡೆಯಿದೆ.

3. ಈಗ ನನ್ನ ದುಡ್ಡು ಉಳಿಸಬಹುದಾಗಿದ್ದ ಪರೀಕ್ಷೆ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ. ಅದಕ್ಕೆ ಸಿಕ್ಕಿಸಿದ ಕ್ಲಾಂಪಿಗಲ್ಲ, ಗೂಟಕ್ಕೇ. ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. 0.5 ದಾಟಿದರೆ ಅರ್ಥ್ ಕೆಟ್ಟಿದೆ. ನನ್ನ ಕಾರಿನಲ್ಲಿ 2ಕ್ಕಿಂತ ಜಾಸ್ತಿ ತೋರಿಸಿತ್ತು.

4. ಅದೇ ಪರೀಕ್ಷೆ ಪ್ಲಸ್ ಕಡೆಗೂ ಮಾಡಿ. ಬ್ಯಾಟರಿಯ ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ವೈರಿನ ಬೋಲ್ಟ್‌ವರೆಗೆ. ಎರಡೂ ಕಡೆ ಸರಿಯಿದ್ದು, ಮೋಟಾರಿಗೆ ಪೂರ್ತಿ ವೋಲ್ಟೇಜ್ ಬಂದೂ ತಿರುಗದಿದ್ದರೆ ಮಾತ್ರ ಮೋಟಾರ್ ಬಿಚ್ಚಿಸಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ, ಮೈನಸ್ ಇನ್ನೂ ಸೇರಿಕೊಂಡೇ ಇದ್ದರೆ, ಕಿಡಿ ಹಾರುತ್ತದೆ.

ಇನ್ನು ಇಂಜಿನ್ ತಿರುಗಿಯೂ ಹೊತ್ತಿಕೊಳ್ಳದ ಕಥೆ. ಪೆಟ್ರೋಲ್ ಕಾರಾದರೆ ಕೀ ಆನ್ ಮಾಡಿ ಸುಮ್ಮನೆ ಕೂತು ಕೇಳಿ. ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಅನ್ನುತ್ತದೆ. ಅದು ಫ್ಯುಯೆಲ್ ಪಂಪ್. ಕೇಳದಿದ್ದರೆ ಅದರ ಫ್ಯೂಸ್, ರಿಲೇ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಕೀಯೊಳಗಿನ ಸೆಲ್ ಹೋಗಿದ್ದರೆ, ಎಷ್ಟೋ ಮಾದರಿಗಳಲ್ಲಿ ಕೀಯನ್ನೇ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಆ ಸೆಲ್ ಹೆಚ್ಚಾಗಿ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇನ್ನೊಂದು ಸಣ್ಣ ಕಳ್ಳ ಬ್ರೇಕ್ ಲೈಟ್ ಸ್ವಿಚ್. ಆಟೊಮ್ಯಾಟಿಕ್ ಕಾರಿನಲ್ಲಿ ಅದು ಕೆಟ್ಟರೆ ನೀವು ಬ್ರೇಕ್ ತುಳಿದದ್ದೇ ಕಾರಿಗೆ ಗೊತ್ತಾಗುವುದಿಲ್ಲ, ಸೆಲ್ಫೇ ಹೊಡೆಯುವುದಿಲ್ಲ. ಬ್ರೇಕ್ ತುಳಿದಾಗ ಹಿಂದಿನ ಕೆಂಪು ಲೈಟ್ ಹೊತ್ತಿಕೊಳ್ಳುತ್ತದಾ ಅಂತ ಯಾರಿಗಾದರೂ ನೋಡಲು ಹೇಳಿ.

ಜಂಪ್ ಸ್ಟಾರ್ಟ್

ಬ್ಯಾಟರಿ ಡೌನ್ ಆದಾಗ ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವುದು ಇದು. ಎರಡೂ ಕಾರು ಆಫ್ ಇರಲಿ, ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಇಂಜಿನ್ನಿನ ಗಟ್ಟಿ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಕೊನೆಯ ಕಿಡಿ ಅದರಿಂದ ದೂರ ಆಗಲಿ ಅಂತ. ಒಳ್ಳೆಯ ಕಾರಿನ ಇಂಜಿನ್ ಸ್ಟಾರ್ಟ್ ಮಾಡಿ ಕೆಲವು ನಿಮಿಷ ನಿಂತಲ್ಲೇ ಆನ್ ಇಡಿ, ಆಮೇಲೆ ಇನ್ನೊಂದಕ್ಕೆ ಸೆಲ್ಫ್ ಹೊಡೆಯಿರಿ. ತೆಗೆಯುವಾಗ ಹಿಂದುಮುಂದಾಗಿ ತೆಗೆಯಿರಿ.

ಚಾರ್ಜ್ ಆಗುತ್ತಿದೆಯಾ, ಸೋರುತ್ತಿದೆಯಾ

ಇಂಜಿನ್ ಆನ್ ಇದ್ದಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಎಸಿ ಎರಡೂ ಹಾಕಿ ಮತ್ತೆ ನೋಡಿ. 13ಕ್ಕಿಂತ ಕೆಳಗೆ ಕುಸಿದು ಅಲ್ಲೇ ನಿಂತರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಬೇಕು. 15 ದಾಟಿ ನಿಂತೇ ಇದ್ದರೆ ಅದರ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಈಚಿನ ಕೆಲವು ಕಾರುಗಳು ಇಂಧನ ಉಳಿಸಲು ಚಾರ್ಜಿಂಗನ್ನು ತಾವೇ ಏರಿಸಿ ಇಳಿಸುತ್ತವೆ. ಆದ್ದರಿಂದ ಒಂದೇ ಸಲ ಕಡಿಮೆ ಕಂಡಿತೆಂದು ಗಾಬರಿ ಬೇಡ, ಲೋಡ್ ಹಾಕಿಯೇ ತೀರ್ಮಾನ ಮಾಡಿ.

ನಮ್ಮ ಕಡೆ ಕೆಲವರು ಇವತ್ತಿಗೂ ಆಲ್ಟರ್ನೇಟರನ್ನು ಡೈನಮೋ ಎನ್ನುತ್ತಾರೆ. ಅದನ್ನು ಪರೀಕ್ಷಿಸಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುತ್ತಾರೆ. ಹಳೇ ಅಂಬಾಸಿಡರ್ ಕಾಲದ ಆ ಚಾಳಿ ಈಗಿನ ಕಾರಿನಲ್ಲಿ ಬೇಡವೇ ಬೇಡ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಎಗರಿ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸುಟ್ಟುಹೋಗಬಹುದು. ಯಾರಾದರೂ ಸ್ಪ್ಯಾನರ್ ಹಿಡಿದು ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಚಾರ್ಜಿಂಗ್ ಸರಿ ಇದೆ, ಬ್ಯಾಟರಿಯೂ ಹೊಸದು, ಆದರೂ ಎರಡು ದಿನ ನಿಲ್ಲಿಸಿದರೆ ಡೌನ್. ಹಾಗಾದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಲೆಕ್ಕ ಸುಲಭ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಿಂದ ಅರ್ಧ ಆಂಪಿಯರ್ ಸೋರಿದರೆ 70 ಗಂಟೆಯಲ್ಲಿ ಪೂರ್ತಿ ಖಾಲಿ. ಸೆಲ್ಫ್ ನಿಲ್ಲುವುದು ಅದಕ್ಕೂ ಮೊದಲೇ. ಅಲಾರಂ, ಗಡಿಯಾರ ಮುಂತಾದವಕ್ಕೆ 50 ಮಿಲಿಆಂಪಿಯರ್ ಒಳಗೆ ಹೋಗುವುದು ಸಹಜ.

ಅಳೆಯುವುದು ಹೀಗೆ. ಕಾರು ಆಫ್ ಮಾಡಿ, ಬಾಗಿಲಿನ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಮಡಚಿ ಬಾಗಿಲು ಮುಚ್ಚಿದ ಹಾಗೆ ನಂಬಿಸಿ, ಫ್ಯೂಸ್ ಬಾಕ್ಸ್ ಕೈಗೆ ಸಿಗುವಂತಿರಲಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ಮೈನಸ್ ಬಿಚ್ಚಿ, ಗೂಟಕ್ಕೂ ಬಿಚ್ಚಿದ ವೈರಿಗೂ ನಡುವೆ ಮೀಟರ್ ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟ್ ಹಾಕಬೇಡಿ, ಮೀಟರ್ ಸುಡುತ್ತದೆ. ಈಗ ಅರ್ಧ ಗಂಟೆ ಕಾಯಿರಿ. ಕಾರಿನೊಳಗಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಕಾಯದೆ ಅಳೆದು ಜಾಸ್ತಿ ಬಂತೆಂದು ಬೆಚ್ಚಿಬೀಳುವವರೇ ಹೆಚ್ಚು. ಆಮೇಲೂ 0.05 ಆಂಪಿಯರಿಗಿಂತ (50 ಮಿಲಿಆಂಪಿಯರ್) ಬಹಳ ಮೇಲಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಸಂಖ್ಯೆ ದಪ್ಪನೆ ಇಳಿಯುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ನಾನು ಕಂಡ ಮಟ್ಟಿಗೆ ಆ ಕಳ್ಳ ಹೆಚ್ಚಾಗಿ ಕಂಪನಿಯದಲ್ಲ, ಹೊರಗೆ ಹಾಕಿಸಿದ ಡ್ಯಾಶ್‌ಕ್ಯಾಮ್, ಮ್ಯೂಸಿಕ್ ಸಿಸ್ಟಮ್ ಅಥವಾ ಜಿಪಿಎಸ್.

ಫ್ಯೂಸ್ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟದ್ದರ ಜಾಗಕ್ಕೆ ಅದೇ ಬಣ್ಣ. 10 ಪದೇ ಪದೇ ಹೋಗುತ್ತದೆಂದು 20 ಹಾಕಿದರೆ ಮುಂದಿನ ಸಲ ಫ್ಯೂಸ್ ಬದಲು ವೈರೇ ಸುಡುತ್ತದೆ. ಫ್ಯೂಸ್ ಸುಡುವುದು ರೋಗವಲ್ಲ, ರೋಗದ ಸುದ್ದಿ.

ಘಾಟಿಯಲ್ಲಿ ಇಂಜಿನ್ ಹೀಟ್ ಆದರೆ

ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಹತ್ತುವಾಗ, ಮುಂದೆ ಲೋಡ್ ಲಾರಿ, ಹಿಂದೆ ಬಸ್ಸು, ನೀವು ಎರಡನೇ ಗೇರಿನಲ್ಲಿ. ಸೂಜಿ ಮೇಲೇರುತ್ತದೆ, ಇಲ್ಲವೇ ಕೆಂಪು ಥರ್ಮಾಮೀಟರ್ ಲೈಟ್ ಬರುತ್ತದೆ. ಮೊದಲು ಎಸಿ ಆಫ್. ಆಮೇಲೆ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರಾಗಿ. ಬೆವರು ಸುರಿಯುತ್ತದೆ, ನಿಜ. ಆದರೆ ಹೀಟರ್ ಅಂದರೆ ಒಂದು ಪುಟ್ಟ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನು ಅದೂ ಎಳೆಯುತ್ತದೆ. ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಕೆಂಪು ಲೈಟ್ ಇಟ್ಟುಕೊಂಡು "ಇನ್ನೆರಡೇ ಕಿಲೋಮೀಟರ್" ಅಂತ ಓಡಿಸಿದವರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಖರ್ಚಿಗೆ ಸಿದ್ಧರಾಗಬೇಕು.

ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ಮುಟ್ಟಬೇಡಿ. ಒಳಗಿನ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, 100 ಡಿಗ್ರಿಗಿಂತ ಬಿಸಿ ಇದ್ದರೂ ಕುದಿಯದೆ ನಿಂತಿರುವುದು ಮುಚ್ಚಳ ಹಿಡಿದಿಟ್ಟ ಒತ್ತಡದಿಂದ. ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ, ಹೋಸ್ ಹಿಸುಕಿದರೆ ಮೆತ್ತಗಿರಬೇಕು, ಆಮೇಲೆ ಬಟ್ಟೆ ಹಾಕಿ ನಿಧಾನ ತಿರುಗಿಸಿ.

ಯಾವಾಗ ಹೀಟ್ ಆಗುತ್ತದೆ ಅನ್ನುವುದರಲ್ಲೇ ಉತ್ತರ ಇರುತ್ತದೆ. ಟ್ರಾಫಿಕ್‌ನಲ್ಲಿ ಹೀಟ್, ಹೈವೇಯಲ್ಲಿ ತಣ್ಣಗೆ ಇದ್ದರೆ ಫ್ಯಾನ್ ತಿರುಗುತ್ತಿಲ್ಲ. ಎಸಿ ಹಾಕಿ ಬಾನೆಟ್ ಎತ್ತಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ಶುರುವಾಗಬೇಕು. ಆಗದಿದ್ದರೆ ಫ್ಯೂಸ್ ನೋಡಿ, ಬಳಿಕ ಫ್ಯಾನ್ ರಿಲೇ ಕಿತ್ತು ಅದೇ ನಂಬರಿನ ಬೇರೆ ರಿಲೇ, ಹಾರ್ನಿನದ್ದೋ ಏನೋ, ಹಾಕಿ ನೋಡಿ. ಹಾರ್ನ್ ಸುಮ್ಮನಾಗಿ ಫ್ಯಾನ್ ತಿರುಗಿದರೆ ರಿಲೇ ಹೋಗಿದೆ. ಟ್ರಾಫಿಕ್‌ನಲ್ಲಿ ಸರಿ, ಏರಿನಲ್ಲಿ ಮಾತ್ರ ಹೀಟ್ ಅಂದರೆ ಕೂಲೆಂಟ್ ಕಡಿಮೆ, ರೇಡಿಯೇಟರ್ ಕಟ್ಟಿದೆ, ಇಲ್ಲವೇ ವಾಟರ್ ಪಂಪ್. ಸ್ಟಾರ್ಟ್ ಮಾಡಿದ ಹತ್ತೇ ನಿಮಿಷಕ್ಕೆ ಹೀಟ್ ಆಗಿ, ರೇಡಿಯೇಟರಿನ ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗಿದ್ದರೆ ರೇಡಿಯೇಟರಿಗೆ ಕೂಲೆಂಟ್ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದೆ. ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಾ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಾ, ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಗ್ಯಾಸ್ಕೆಟ್ ಹೋಗಿದೆ. ಆಗ ಟೋ ಮಾಡಿಸಿ, ಓಡಿಸಬೇಡಿ.

ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಕುಡಿಯುವ ನೀರು ಹಾಕಿ ಊರು ಸೇರಬಹುದು. ಆದರೆ ಅದನ್ನೇ ಮುಂದುವರಿಸಬೇಡಿ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಸ್ನಾನದ ಗೀಸರನ್ನು ಏನು ಮಾಡುತ್ತದೆ ನೋಡಿದ್ದೀರಲ್ಲಾ, ರೇಡಿಯೇಟರಿಗೂ ಅದೇ ಗತಿ. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ. ಮೊದಲೇ ಬೆರೆಸಿ ಮಾರುವುದಾದರೆ ಮತ್ತೆ ನೀರು ಸೇರಿಸಬೇಡಿ.

ಇಳಿಯುವಾಗಿನ ಕಷ್ಟ ಬೇರೆ

ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್ 4 ದರ್ಜೆಯ ಆಯಿಲ್ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿದುಬಿಡಬಹುದು. ಕುದಿದರೆ ಪೈಪಿನಲ್ಲಿ ಆವಿಗುಳ್ಳೆ, ಗುಳ್ಳೆ ಇದ್ದರೆ ಪೆಡಲ್ ಸ್ಪಂಜು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ಹತ್ತಿದ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ.

ಬ್ರೇಕ್ ಪ್ಯಾಡ್ 3 ಮಿಲಿಮೀಟರಿಗೆ ಬಂದರೆ ಬದಲಿಸಿ. ಕಬ್ಬಿಣ ಉಜ್ಜುವ ಕೀಚಲು ಸದ್ದು ಬರುವವರೆಗೆ ಕಾದರೆ ಡಿಸ್ಕ್ ಕೂಡ ಹೋಗುತ್ತದೆ. ಬ್ರೇಕ್ ತುಳಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಡಿಸ್ಕ್ ನೋಡಿಸಿ, ವೇಗದಲ್ಲಿ ಸುಮ್ಮನೆ ನಡುಗಿದರೆ ವ್ಹೀಲ್ ಬ್ಯಾಲೆನ್ಸಿಂಗ್.

ಲೈಟ್‌ಗಳ ಭಾಷೆ

ಕೆಂಪು ಅಂದರೆ ನಿಲ್ಲಿಸು, ಹಳದಿ ಅಂದರೆ ಬೇಗ ತೋರಿಸು. ಕೆಂಪು ಎಣ್ಣೆಗಿಂಡಿ ಲೈಟ್ ಬಂದರೆ ಇಂಜಿನ್ ಆ ಕ್ಷಣವೇ ಆಫ್ ಆಗಬೇಕು, ಆಯಿಲ್ ಒತ್ತಡ ಇಲ್ಲದ ಇಂಜಿನ್ ನಿಮಿಷಗಳಲ್ಲಿ ಹಾಳಾಗುತ್ತದೆ. ಹಳದಿ ಇಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ಮನೆ ಸೇರಬಹುದು. ಮಿನುಗುತ್ತಿದ್ದರೆ ನಿಧಾನ ಮಾಡಿ ನಿಲ್ಲಿಸಿ. ಯಾವುದೋ ಸಿಲಿಂಡರ್ ಹೊತ್ತಿಕೊಳ್ಳದೆ ಹಸಿ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಅಂತ ಅರ್ಥ.

ಸ್ಕ್ಯಾನರ್ ಹಾಕಿದರೆ ಒಂದು ಕೋಡ್ ಬರುತ್ತದೆ. ಇಲ್ಲೇ ಜನ ಎಡವುವುದು. ಕೋಡ್ ಹೇಳುವುದು ತೊಂದರೆ ಎಲ್ಲಿ ಕಂಡಿತು ಅಂತ, ಯಾವ ಪಾರ್ಟ್ ಕೊಳ್ಳಬೇಕು ಅಂತ ಅಲ್ಲ. ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದಷ್ಟೇ. ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು ಸೀಳಿದ ಗಾಳಿ ಪೈಪ್ ಇದೆಯಾ, ಏರ್ ಫಿಲ್ಟರ್ ಡಬ್ಬಿ ಸರಿ ಮುಚ್ಚಿದೆಯಾ ನೋಡಿ. ಪಿ0301 ಅಂದರೆ ಒಂದನೇ ಸಿಲಿಂಡರ್ ತಪ್ಪುತ್ತಿದೆ. ಪ್ರತಿ ಸ್ಪಾರ್ಕ್ ಪ್ಲಗ್ ಮೇಲೂ ಕಿಡಿಗೆ ಕರೆಂಟ್ ಕೊಡುವ ಒಂದೊಂದು ಕಾಯಿಲ್ ಇರುವ ಕಾರಾದರೆ, ಇಂಜಿನ್ ತಣ್ಣಗಾದ ಮೇಲೆ ಒಂದನೇ ಕಾಯಿಲ್ ತೆಗೆದು ಎರಡಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0302 ಬಂದರೆ ಕಾಯಿಲ್ಲೇ ತಪ್ಪಿತಸ್ಥ. ಪಿ0301 ಆಗಿಯೇ ಉಳಿದರೆ ಪ್ಲಗ್ ಹೀಗೇ ಅದಲುಬದಲು ಮಾಡಿ ನೋಡಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು.

ಬಿಎಸ್6 ಡೀಸೆಲ್ ಕಾರನ್ನು ದಿನಾ ಎರಡು ಕಿಲೋಮೀಟರ್ ಆಫೀಸಿಗೆ ಓಡಿಸುವವರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಪರಿಚಯ ಇರುತ್ತದೆ. ಮಸಿ ಸುಡಲು ಅದಕ್ಕೆ ಬಿಸಿ ಬೇಕು. ಲೈಟ್ ಬಂದ ದಿನವೇ ಹೈವೇಗೆ ಹೋಗಿ 20 ನಿಮಿಷ 60ಕ್ಕಿಂತ ಮೇಲಿನ ವೇಗದಲ್ಲಿ, ಸುಮಾರು 2000 ಆರ್‌ಪಿಎಂನಲ್ಲಿ, ನಿಲ್ಲಿಸದೆ ಓಡಿಸಿ. ಓಡಾಟವೇ ಇಷ್ಟು ಅಂತಾದರೆ ಡೀಸೆಲ್ ಕಾರು ಕೊಳ್ಳಬಾರದಿತ್ತು, ಅಷ್ಟೇ.

ಮಳೆ ಮತ್ತು ಇಲಿ

ಬೆಂಗಳೂರಿನ ಅಂಡರ್‌ಪಾಸಿನಲ್ಲಿ ನೀರು ಅರ್ಧ ಚಕ್ರಕ್ಕಿಂತ ಮೇಲಿದ್ದರೆ ಇಳಿಯಬೇಡಿ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ಹೋದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ಹೊರತಂದು ಟೋ ಮಾಡಿಸಿ. ಇನ್ಶೂರೆನ್ಸ್ ಮಾಡಿಸುವಾಗ ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದೆಯಾ ಕೇಳಿ.

ಬಾನೆಟ್ ಒಳಗೆ ಸೇರಿ ವೈರ್ ಕಚ್ಚುವ ಇಲಿಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ, ನುಸಿಗುಳಿಗೆ ಇಡುವವರಿದ್ದಾರೆ. ನಾನು ಎರಡೂ ಮಾಡಿದ್ದೇನೆ, ವಾಸನೆ ಹೋದ ಮೇಲೆ ಇಲಿ ವಾಪಸ್ ಬಂತು. ಕಾರನ್ನು ದಿನಾ ತೆಗೆಯುವುದು, ನಿಲ್ಲಿಸುವ ಜಾಗದಲ್ಲಿ ಕಸ, ಧಾನ್ಯ ಇಡದಿರುವುದು, ರಾತ್ರಿ ಬಾನೆಟ್ ಎತ್ತಿಡುವುದು ಸ್ವಲ್ಪ ಕೆಲಸ ಮಾಡಿತು. ಒಂದೇ ಸಲ ಸಂಬಂಧವಿಲ್ಲದ ನಾಲ್ಕೈದು ಲೈಟ್ ಹೊತ್ತಿಕೊಂಡರೆ ಬ್ಯಾಟರಿ ವೋಲ್ಟೇಜ್ ನೋಡಿ, ಅದು ಸರಿಯಿದ್ದರೆ ಟಾರ್ಚ್ ಹಿಡಿದು ಕಚ್ಚಿದ ವೈರ್ ಹುಡುಕಿ.

ಕ್ಯಾಲೆಂಡರಿನಲ್ಲಿ ಬರೆದಿಡುವ ಕೆಲಸ

ತಿಂಗಳಿಗೊಮ್ಮೆ ತಣ್ಣಗಿರುವಾಗ ಟೈರ್ ಗಾಳಿ, ಸ್ಟೆಪ್ನಿಯದ್ದೂ ಸೇರಿಸಿ. ಎಷ್ಟಿರಬೇಕು ಎಂಬುದು ಹೆಚ್ಚಾಗಿ ಡ್ರೈವರ್ ಬಾಗಿಲಿನ ಸ್ಟಿಕ್ಕರ್ ಮೇಲಿರುತ್ತದೆ. ಅದೇ ದಿನ ಆಯಿಲ್ ಕಡ್ಡಿ, ಕೂಲೆಂಟ್ ಮಟ್ಟ, ಬ್ಯಾಟರಿ ವೋಲ್ಟೇಜ್. ಒಂದು ಪುಸ್ತಕದಲ್ಲಿ ಬರೆದಿಡಿ. 12.6, 12.5, 12.3 ಎಂದು ಇಳಿಯುವುದು ಕಂಡರೆ ಡಿಸೆಂಬರ್ ಬರುವ ಮೊದಲೇ ಎಚ್ಚರಾಗಬಹುದು. ಟೈರ್ ಮೇಲಿನ ಕಚ್ಚಿನ ಆಳ 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರವೂ ಮುಗಿಯಿತು, ಮಲೆನಾಡಿನ ಮಳೆಗೆ ಅದಕ್ಕೂ ಮೊದಲೇ ಬದಲಿಸಿ. ಎಸಿ ಗಾಳಿ ಕಡಿಮೆಯಾದರೆ ಗ್ಯಾಸ್ ತುಂಬಿಸುವ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಅದು ಹೆಚ್ಚಾಗಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ.

ಕೆಲವಕ್ಕೆ ಕೈ ಹಾಕಬೇಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್, ಪೆಟ್ರೋಲ್ ಲೈನ್. ಎಲೆಕ್ಟ್ರಿಕ್ ಕಾರಿನಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ, ಅದು ಡೌನ್ ಆದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಅದರ ವೋಲ್ಟೇಜನ್ನು ಮೀಟರಿನಲ್ಲಿ ನೋಡಬಹುದು, ಅಲ್ಲಿಗೆ ನಿಲ್ಲಿಸಿ.

ಗ್ಯಾರೇಜಿಗೆ ಹೋದಾಗ "ಸೆಲ್ಫ್ ಮೋಟಾರ್ ಬದಲಿಸಿ" ಎನ್ನಬೇಡಿ. "ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಕಟ್, ಬ್ಯಾಟರಿ 12.5, ಸೆಲ್ಫ್ ಹೊಡೆದಾಗಲೂ 12 ಇರುತ್ತದೆ" ಎನ್ನಿ. ಬದಲಿಸಿದರೆ ಹಳೇ ಪಾರ್ಟ್ ವಾಪಸ್ ಕೇಳಿ. ನಾನು ಅವತ್ತು ಕೇಳಿ ತಂದ ಹಳೇ ಸೆಲ್ಫ್ ಮೋಟಾರ್ ಇನ್ನೂ ನಮ್ಮ ಮನೆ ಅಟ್ಟದ ಮೇಲಿದೆ. ಹೋದ ವರ್ಷ ಕೆಳಗಿಳಿಸಿ ಬ್ಯಾಟರಿ ಕೊಟ್ಟು ನೋಡಿದೆ. ಚೆನ್ನಾಗಿ ತಿರುಗಿತು.